ತಾಮ್ರವೋ, ಸಪ್ಪೆ ನೀರೋ, ಟಬ್ಬುಗಳ ಸಾಲೋ: ಉಪ್ಪುನೀರಿನ ಹೊಸ ಮೀನಿಗೆ ನಾನು ಮಾಡಿ ನೋಡಿದ ಮೂರು ಕ್ವಾರಂಟೈನ್

ಹುಬ್ಬಳ್ಳಿಯಿಂದ ಕಾರವಾರ ಸುಮಾರು 165 ಕಿಲೋಮೀಟರ್. ಅಲ್ಲಿಯ ಬಂಗಡೆ ಬೆಳಗಾಗುವುದರೊಳಗೆ ನಮ್ಮ ಮಾರ್ಕೆಟ್ಟಿಗೆ ಬಂದಿರುತ್ತದೆ. ಆದರೆ ನನಗೆ ಬೇಕಾದ ಬಣ್ಣದ ಮೀನು ಬರುವುದು ಮುಂಬೈಯಿಂದ, ರಾತ್ರಿ ಬಸ್ಸಿನಲ್ಲಿ, ಥರ್ಮಾಕೋಲ್ ಡಬ್ಬಿಯೊಳಗೆ. ಬೆಳಗ್ಗೆ ಗೋಕುಲ ರೋಡಿನ ಬಸ್ ನಿಲ್ದಾಣಕ್ಕೆ ಹೋಗಿ ಇಳಿಸಿಕೊಳ್ಳಬೇಕು. ಮೀನಿನ ಜೊತೆ ಇನ್ನೂ ಏನೇನು ಬಂದಿದೆ ಅನ್ನುವುದು ಡಬ್ಬಿ ತೆಗೆದಾಗ ಕಾಣುವುದಿಲ್ಲ.

ನನಗೆ ಅದು ಗೊತ್ತಾಗಿದ್ದು ಒಂದು ಪೌಡರ್ ಬ್ಲೂ ಟ್ಯಾಂಗ್ ಮೀನಿನಿಂದ. ಮಾರಿದವರು "ಎಲ್ಲಾ ಟ್ರೀಟ್ ಮಾಡೇ ಕಳಿಸೀವಿ" ಅಂದಿದ್ದರು. ನಂಬಿ ಸೀದಾ 300 ಲೀಟರಿನ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಐದನೇ ದಿನ ಮೈಮೇಲೆ ರವೆ ಕಾಳು ಅಂಟಿದಂತೆ ಬಿಳಿ ಚುಕ್ಕೆ. ಎರಡು ವಾರದಲ್ಲಿ ನಾಲ್ಕು ಮೀನು ಹೋದವು. ಈ ಬಿಳಿ ಚುಕ್ಕೆಯ ಪರೋಪಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಮೂರರಿಂದ ಏಳು ದಿನ ಮೀನಿನ ಮೈಯಲ್ಲಿ ಕೂತು ತಿನ್ನುತ್ತದೆ. ಆಮೇಲೆ ಉದುರಿ ತಳ ಸೇರಿ, ಗಟ್ಟಿ ಕೋಶದೊಳಗೆ ಮರಿ ಮಾಡುತ್ತದೆ. ಆ ಕೋಶ 72 ದಿನ ಕಳೆದ ಮೇಲೂ ಒಡೆದ ದಾಖಲೆ ಇದೆ. ಹಾಗಾಗಿ ಉಳಿದ ಮೀನುಗಳನ್ನು ಬೇರೆ ಕಡೆ ಇಟ್ಟು, ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಖಾಲಿ ಬಿಟ್ಟೆ. ಮನೆಗೆ ಬಂದವರೆಲ್ಲ "ಮೀನ ಎಲ್ಲಿ?" ಅಂತ ಕೇಳುವವರೇ.

ಅಲ್ಲಿಂದ ಮೂರು ವರ್ಷ ಮೂರು ದಾರಿ ಹಿಡಿದೆ. ಮೊದಲು ಸಪ್ಪೆ ನೀರು, ಆಮೇಲೆ ಟಬ್ಬಿನಿಂದ ಟಬ್ಬಿಗೆ ಸಾಗಿಸುವುದು, ಕೊನೆಗೆ ತಾಮ್ರ. ಮೂರರಲ್ಲೂ ಮೀನು ಉಳಿದಿವೆ, ಮೂರರಲ್ಲೂ ಸತ್ತಿವೆ. ಯಾವುದು ಮೇಲು ಅಂತ ಕೇಳಿದರೆ, ಯಾವುದು ಹೇಗೆ ಕೈಕೊಡುತ್ತದೆ ಅನ್ನುವುದನ್ನೇ ನಾನು ಮೊದಲು ಹೇಳುತ್ತೇನೆ.

ಸಪ್ಪೆ ನೀರು ಅಂದರೆ ಹೈಪೋಸಲೈನಿಟಿ. ಸಿಹಿನೀರನ್ನು 1 ಅಂತ ಹಿಡಿದರೆ ಸಮುದ್ರದ ನೀರಿನ ಸಾಂದ್ರತೆ ಸುಮಾರು 1.025. ಅದನ್ನು ಎರಡು ದಿನದಲ್ಲಿ ನಿಧಾನಕ್ಕೆ 1.009ಕ್ಕೆ ಇಳಿಸಿ, 30 ದಿನ ಅಲ್ಲೇ ಹಿಡಿದಿಡುವುದು. ಅಷ್ಟು ಸಪ್ಪೆ ನೀರಿನಲ್ಲಿ ಬಿಳಿ ಚುಕ್ಕೆಯ ಪರೋಪಜೀವಿ ಸಾಮಾನ್ಯವಾಗಿ ಬದುಕುವುದಿಲ್ಲ, ಮೂಳೆ ಇರುವ ಮೀನು ತಡೆದುಕೊಳ್ಳುತ್ತದೆ. ಔಷಧಿ ಇಲ್ಲ, ಉಪ್ಪಿನ ಖರ್ಚೂ ಮೂರನೇ ಒಂದು ಭಾಗ. ಅಗ್ಗದ ದಾರಿ ಅಂತ ಖುಷಿಯಾಗಿದ್ದೆ. ಎರಡು ಕ್ಲೌನ್, ಒಂದು ಡ್ಯಾಮ್ಸೆಲ್ ಚೆನ್ನಾಗಿ ತಿಂದುಂಡು ಪಾಸಾದವು.

ತೊಂದರೆ ಎರಡು. ಒಂದು ಸಣ್ಣದು. ಏಪ್ರಿಲ್ ತಿಂಗಳಲ್ಲಿ ನಮ್ಮಲ್ಲಿ ನೀರು ಆವಿಯಾಗುವ ವೇಗ ನಿಮಗೆ ಗೊತ್ತೇ ಇದೆ. 1.009 ಇದ್ದದ್ದು ನೋಡನೋಡುತ್ತ 1.011. ಅಷ್ಟು ಏರಿದರೆ ಪರೋಪಜೀವಿಗೆ ಜೀವದಾನ. ದಿನಕ್ಕೆ ಎರಡು ಸಲ ಆರ್‌ಓ ನೀರು ಸೇರಿಸಬೇಕು. ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ನಂಬಬಾರದು, ರಿಫ್ರಾಕ್ಟೋಮೀಟರೇ ಬೇಕು. ಉಪ್ಪಿನ ಜೊತೆ ಕಾರ್ಬೋನೇಟೂ ತೆಳುವಾಗುವುದರಿಂದ ಪಿಎಚ್ ಬೀಳುತ್ತದೆ. ಅದಕ್ಕೆ ಮಿರ್ಚಿ ಭಜಿ ಹಿಟ್ಟಿಗೆ ಹಾಕುವ ಸೋಡಾನೇ ಚಿಟಿಕೆ ಚಿಟಿಕೆ ಹಾಕಿದೆ. ಇದನ್ನೆಲ್ಲ ಸಂಭಾಳಿಸಬಹುದು.

ಎರಡನೆಯದು ಸಂಭಾಳಿಸಲಾಗದ್ದು. ಎರಡನೇ ತಂಡದಲ್ಲಿ ಬಂದ ಒಂದು ಟ್ಯಾಂಗ್ ಎಂಟನೇ ದಿನ ಬೆಳಕಿಗೆ ಬೆನ್ನು ಹಾಕಿ ಮೂಲೆಯಲ್ಲಿ ನಿಂತಿತು. ಉಸಿರಾಟ ಜೋರು. ಚುಕ್ಕೆ ಇಲ್ಲ. ಟಾರ್ಚ್ ಅಡ್ಡ ಹಿಡಿದು ನೋಡಿದರೆ ಮೈತುಂಬ ಜೋಳದ ಹಿಟ್ಟು ಉದುರಿಸಿದಂತೆ ಸಣ್ಣ ಪುಡಿ. ಅದು ವೆಲ್ವೆಟ್ ರೋಗ, ಅಮೈಲೋಡಿನಿಯಂ ಅನ್ನುವ ಇನ್ನೊಂದು ಪರೋಪಜೀವಿಯದು. ಅದಕ್ಕೆ ಸಪ್ಪೆ ನೀರೂ ಒಂದೇ, ಉಪ್ಪು ನೀರೂ ಒಂದೇ. ನಾನು ದಿನಕ್ಕೆರಡು ಸಲ ಅಳತೆ ಮಾಡುತ್ತಾ, ಎಲ್ಲ ಸರಿಯಿದೆ ಅಂದುಕೊಂಡಿದ್ದ ಹೊತ್ತಿನಲ್ಲೇ ಅದು ಕಿವಿರಿನಲ್ಲಿ ಬೆಳೆಯುತ್ತಿತ್ತು. ಎರಡು ದಿನದಲ್ಲಿ ಟ್ಯಾಂಕ್ ಖಾಲಿ. ಹೈಪೋ ಕೈಕೊಡುವುದು ಹೀಗೆ, ಒಂದು ಮಾತೂ ಹೇಳದೆ. ಅವತ್ತೇ ಅದನ್ನು ಬಿಟ್ಟೆ. ಹೈಪೋ ಮಾಡಿ ಹತ್ತು ವರ್ಷ ಸುಖವಾಗಿದ್ದೇವೆ ಅನ್ನುವವರಿದ್ದಾರೆ. ಅವರಿಗೆ ವೆಲ್ವೆಟ್ ಬಂದಿಲ್ಲ, ಅಷ್ಟೇ.

ಎರಡನೇ ದಾರಿ ಲೆಕ್ಕಾಚಾರದ್ದು. ಪರೋಪಜೀವಿ ಉದುರಿ ಕೋಶ ಕಟ್ಟಿ ಮರಿ ಹೊರಬರಲು ಕಡಿಮೆ ಅಂದರೂ ಮೂರು ದಿನ ಬೇಕು. ಅದಕ್ಕೇ 72 ಗಂಟೆ ತುಂಬುವ ಮೊದಲೇ ಮೀನನ್ನು ಹೊಸ ನೀರಿನ ಹೊಸ ಟಬ್ಬಿಗೆ ದಾಟಿಸುವುದು. ಉದುರಿದ್ದೆಲ್ಲ ಹಳೆ ಟಬ್ಬಿನಲ್ಲೇ ಉಳಿಯುತ್ತದೆ. ಹೀಗೆ ನಾಲ್ಕು ಸಲ ದಾಟಿಸಿದರೆ 13ನೇ ದಿನಕ್ಕೆ ಬಿಳಿ ಚುಕ್ಕೆಯಿಂದ ಮುಕ್ತ. ಔಷಧಿ ಇಲ್ಲ, ತಿಂಗಳುಗಟ್ಟಲೆ ಕಾಯುವುದಿಲ್ಲ. ಓದುವಾಗ ಇದರಷ್ಟು ಚೆಂದ ಯಾವುದೂ ಇಲ್ಲ.

ಆದರೆ ಇದನ್ನು ಬರೆದವರ ಊರಿನಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ನಮ್ಮ ಓಣಿಗೆ ಸವದತ್ತಿಯ ಮಲಪ್ರಭಾ ನೀರು ಬಿಡುವುದು ವಾರಕ್ಕೊಮ್ಮೆ. ಊರಿನ ಕೆಲವು ವಾರ್ಡುಗಳಿಗೆ 24 ಗಂಟೆ ನೀರಿದೆ, ಅವರು ಈ ಭಾಗ ಬಿಟ್ಟು ಮುಂದೆ ಓದಬಹುದು. 30 ಲೀಟರಿನ ಐದು ಟಬ್ಬು ಅಂದರೆ 150 ಲೀಟರ್ ಆರ್‌ಓ ನೀರು. ನಮ್ಮ ಯಂತ್ರ ಒಂದು ಲೀಟರ್ ಕೊಟ್ಟರೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಆ ನೀರು ಬಟ್ಟೆಗೆ, ಅಂಗಳಕ್ಕೆ ಹೋಯಿತು ಅನ್ನಿ. ಆದರೂ ಅವ್ವ ಸುಮ್ನೆ ಇರಲಿಲ್ಲ: "ಮನಿಯಾಗ ಕುಡಿಯಾಕ ನೀರ ಅಳದ ಕೊಡಾಕತ್ತೇನಿ, ನಿನ್ನ ಮೀನಕ್ಕ ಐದ ಟಬ್ಬ ಅಂತ!" ಮಾತಿಗೆ ಉತ್ತರ ಇರಲಿಲ್ಲ. ಒಂದು ಸಲ ನೀರು ಬಿಡುವುದು ಎರಡು ದಿನ ತಡವಾಯಿತು. ಮೂರನೇ ದಾಟು 72 ಗಂಟೆ ಮೀರಿತು. ಅಷ್ಟಾದರೆ ಲೆಕ್ಕ ಮೊದಲಿನಿಂದ, ಬೇರೆ ದಾರಿಯಿಲ್ಲ.

ಇನ್ನೊಂದು ಎಚ್ಚರ. ಹಳೆ ಟಬ್ಬಿನ ಒದ್ದೆ ಯಾವುದೂ ಹೊಸದಕ್ಕೆ ಹೋಗಬಾರದು. ಬಲೆ, ಹೀಟರ್, ಗಾಳಿ ಕಲ್ಲು ಎಲ್ಲಕ್ಕೂ ಎರಡೆರಡು ಜೋಡಿ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು, ಮಾಳಿಗೆ ಮೇಲೆ ಬಿಸಿಲಿಗೆ ಪೂರ್ತಿ ಒಣಗಿಸಿದರೆ ಸಾಕು. ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ ಬಿಡಿ. ಇದರ ಮಿತಿಯೂ ನೇರ: ವೆಲ್ವೆಟ್ ಮೇಲೆ ಇದನ್ನು ನಂಬುವಂತಿಲ್ಲ. ಒಂದು ಲಾಭ ಮಾತ್ರ ಇದೆ. ಎರಡನೇ ಮತ್ತು ನಾಲ್ಕನೇ ಟಬ್ಬಿನಲ್ಲಿ ಪ್ರಾಜಿಕ್ವಾಂಟೆಲ್ ಅನ್ನುವ ಹುಳದ ಔಷಧಿ ಹಾಕಿಬಿಟ್ಟರೆ, ಮೀನಿನ ಮೈಗೆ, ಕಿವಿರಿಗೆ ಅಂಟುವ ಫ್ಲೂಕ್ ಹುಳದ ಕೆಲಸವೂ ಮುಗಿಯುತ್ತದೆ. ಲೀಟರಿಗೆ 2.5 ಮಿಲಿಗ್ರಾಂ. ಮೊಟ್ಟೆ ಸಾಯುವುದಿಲ್ಲವಾದ್ದರಿಂದ ಐದಾರು ದಿನ ಬಿಟ್ಟು ಎರಡನೇ ಸಲ ಬೇಕೇ ಬೇಕು. ಫ್ಲೂಕ್ ಇದೆಯೋ ಇಲ್ಲವೋ ನೋಡಲು ಐದು ನಿಮಿಷ ಸಿಹಿನೀರಿನಲ್ಲಿ ಅದ್ದಿದರೆ ಸಾಕು. ನೀರಿನ ಬಿಸಿ, ಪಿಎಚ್ ಎರಡೂ ಹೊಂದಿರಬೇಕು. ಇಲ್ಲಿಯವರೆಗೆ ಕಣ್ಣಿಗೇ ಬೀಳದಿದ್ದ ಹುಳ ಬೆಳ್ಳಗಾಗಿ ಎಳ್ಳಿನಂತೆ ಉದುರುತ್ತವೆ. ಮೊದಲ ಸಲ ನೋಡಿದಾಗ ನನಗೆ ಊಟ ಸೇರಲಿಲ್ಲ.

ಈಗ ತಾಮ್ರ. ನಾನು ಮೊದಲು ಹೊರಟಿದ್ದು ಗೊಬ್ಬರದ ಅಂಗಡಿಗೆ, ಮೈಲುತುತ್ತ ತರಲು. ಹಾನಗಲ್ ಕಡೆ ಅಡಿಕೆಗೆ ಬೋರ್ಡೋ ದ್ರಾವಣ ಮಾಡುವ ಅದೇ ನೀಲಿ ಹರಳು, ಕಾಪರ್ ಸಲ್ಫೇಟ್. ಮೀನಿನ ಔಷಧಿಯೂ ಹಿಂದಿನಿಂದ ಇದೇ. ಆದರೆ ಬರೀ ಮೈಲುತುತ್ತ ಹಾಕಿದರೆ ನೀರಿನಲ್ಲಿ ಇರಬೇಕಾದ ತಾಮ್ರ 0.15ರಿಂದ 0.20 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ಕೂದಲೆಳೆಯ ಜಾಗ. ಕೆಳಗೆ ಹೋದರೆ ಪರೋಪಜೀವಿ ಉಳಿಯುತ್ತದೆ, ಮೇಲೆ ಹೋದರೆ ಮೀನು. ಸಾಲದ್ದಕ್ಕೆ ತೋಟದ ಸರಕಿನಲ್ಲಿ ಬೇರೆ ಏನಿದೆಯೋ. ಅರ್ಧ ದಾರಿಯಿಂದ ವಾಪಸ್ ಬಂದು ಚೀಲೇಟೆಡ್ ಕಾಪರ್, ಅಂದರೆ ಬೇರೊಂದು ಅಣುವಿಗೆ ಕಟ್ಟಿಹಾಕಿದ ತಾಮ್ರ ತರಿಸಿದೆ. ಕಾಪರ್ ಪವರ್ ಅನ್ನುವುದು. ಇದರ ಮಟ್ಟ 2.0ರಿಂದ 2.5 ಪಿಪಿಎಂ. ಜಾಗ ಅಗಲ, ಮೀನಿಗೂ ಸ್ವಲ್ಪ ಹಗುರ. ಎರಡು ಮೂರು ದಿನದಲ್ಲಿ ನಿಧಾನಕ್ಕೆ ಏರಿಸಬೇಕು.

ಇಲ್ಲಿಯೂ ಎಡವಿದೆ. ಪಾಪ, ಮೀನಿಗೆ ಅಡಗಲು ಜಾಗ ಇರಲಿ ಅಂತ ಒಂದು ಹವಳದ ಕಲ್ಲು ಇಟ್ಟಿದ್ದೆ. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ. 2.2 ಇದ್ದದ್ದು ಎರಡು ದಿನದಲ್ಲಿ 1.4. ಹನಿ ಹಾಕಿ ಬಣ್ಣ ಹೋಲಿಸುವ ಕಿಟ್ಟಿನಲ್ಲಿ ನನಗೆ ಎರಡೂ ಒಂದೇ ನೀಲಿ ಕಂಡಿತ್ತು. ಎಲ್ಲ ಕಿಟ್ಟೂ ಚೀಲೇಟೆಡ್ ತಾಮ್ರವನ್ನು ಸರಿಯಾಗಿ ತೋರಿಸುವುದೂ ಇಲ್ಲ. ಕೊನೆಗೆ ಹ್ಯಾನಾ ಕಂಪನಿಯ ಡಿಜಿಟಲ್ ಚೆಕ್ಕರ್ ಕೊಂಡೆ. ಅದರ ಬೆಲೆಗೆ ಒಂದು ಟ್ಯಾಂಗ್ ಬರುತ್ತಿತ್ತು. ಆದರೆ ಅದು ಬಂದ ಮೇಲೆ ಈ ಕಾರಣಕ್ಕೆ ಒಂದು ಮೀನೂ ಹೋಗಿಲ್ಲ. ಈಗ ಟ್ಯಾಂಕಿನಲ್ಲಿ ಇರುವುದು ಪಿವಿಸಿ ಎಲ್ಬೋ, ಸ್ಪಂಜ್ ಫಿಲ್ಟರ್, ಅಷ್ಟೇ. ನೋಡಲು ಪ್ಲಂಬರ್ ಅಂಗಡಿ.

ಪೂರ್ತಿ ಮಟ್ಟದಲ್ಲಿ 14 ದಿನ ಇಟ್ಟು, ಆಮೇಲೆ ತೊಳೆದು ಒಣಗಿಸಿದ ಬೇರೆ ಟ್ಯಾಂಕಿಗೆ ದಾಟಿಸುತ್ತೇನೆ. ಅದೇ ಟ್ಯಾಂಕಿನಲ್ಲಿ ಮುಗಿಸುವುದಾದರೆ 30 ದಿನ. ನಡುವೆ ಮಟ್ಟ ಬಿದ್ದರೆ ಮತ್ತೆ ಒಂದನೇ ದಿನ. ನೀರು ಬದಲಿಸುವಾಗ ಹೊಸ ನೀರಿಗೂ ಮೊದಲೇ ತಾಮ್ರ ಸೇರಿಸಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಕಟ್ಟಿಹಾಕುವ ದ್ರವವನ್ನು ಇದರ ಜೊತೆ ಹಾಕಬೇಡಿ, ತಾಮ್ರವೇ ವಿಷವಾಗಬಹುದು. ಕೆಲವು ಮೀನು ಮೊದಲ ವಾರ ಊಟ ಬಿಡುತ್ತವೆ. ಸೀಗಡಿ, ಬಸವನಹುಳು, ಹವಳ ಈ ಟ್ಯಾಂಕಿನ ಹತ್ತಿರವೂ ಸುಳಿಯಬಾರದು. ಆದರೆ ಬಿಳಿ ಚುಕ್ಕೆ, ವೆಲ್ವೆಟ್ ಎರಡಕ್ಕೂ ಒಂದೇ ಮದ್ದು ಬೇರೆ ಎರಡು ದಾರಿಯಲ್ಲಿ ನನಗೆ ಸಿಗಲಿಲ್ಲ. ತಾಮ್ರ ಕೈಕೊಡುವುದು ನನ್ನ ಅಜಾಗರೂಕತೆಯಿಂದ. ಅದನ್ನು ಅಂಕಿಯಲ್ಲಿ ಓದಬಹುದು. ನನ್ನಂಥವನಿಗೆ ಇದೇ ದೊಡ್ಡ ಸಮಾಧಾನ.

ತಾಮ್ರಕ್ಕೆ ಬಗ್ಗದ್ದೂ ಒಂದಿದೆ. ಕ್ಲೌನ್ ಮೀನಿಗೆ ಬರುವ ಬ್ರೂಕ್ಲಿನೆಲ್ಲಾ ಅನ್ನುವ ಪರೋಪಜೀವಿ. ಮೈಯಿಂದ ಲೋಳೆ ಪದರ ಪದರವಾಗಿ ಸುಲಿಯುತ್ತದೆ. ಅದಕ್ಕೆ ಫಾರ್ಮಲಿನ್ ಬೇಕು. ಮನೆಯೊಳಗೆ ಅದನ್ನು ಬಳಸುವ ಧೈರ್ಯ ನನಗಿಲ್ಲ, ಮಾಡಿಯೂ ಇಲ್ಲ.

ಹಾಗಾಗಿ ಈಗ ಟ್ಯಾಂಗ್, ಕ್ಲೌನ್, ಡ್ಯಾಮ್ಸೆಲ್ ಎಲ್ಲಕ್ಕೂ ತಾಮ್ರ, ಬೆನ್ನಿಗೇ ಪ್ರಾಜಿ. ತಾಮ್ರ ತಡೆಯದ ಮ್ಯಾಂಡರಿನ್, ಕೆಲವು ರಾಸ್ ಜಾತಿಗಳಿಗೆ ಮಾತ್ರ ಟಬ್ಬುಗಳ ಸಾಲು. ಅದೂ ಬಸ್ಸಿಗೆ ಮೀನು ಹತ್ತಿಸುವ ಮೊದಲು ನಮ್ಮ ಓಣಿಯ ವಾಲ್ವ್‌ಮನ್‌ಗೆ ಫೋನ್ ಮಾಡಿ, ನೀರು ಯಾವತ್ತು ಬಿಡುತ್ತೀರಿ ಅಂತ ಕೇಳಿಯೇ. ಸದ್ಯ ಬಚ್ಚಲಲ್ಲಿ ಒಂದು ಸಣ್ಣ ರಾಸ್ ಇದೆ, ಮೂರನೇ ಟಬ್ಬಿನಲ್ಲಿ. ನಾಲ್ಕನೆಯದಕ್ಕೆ ಇನ್ನೂ ಹತ್ತು ಲೀಟರ್ ಕಡಿಮೆ ಇದೆ. ಅವ್ವನ ಹಂಡೆಯಲ್ಲಿ ನೀರಿದೆ, ಕೇಳುವ ಧೈರ್ಯ ಬಂದಿಲ್ಲ. ನಾಳೆ ಬೆಳಗ್ಗೆ ಐದಕ್ಕೆ ನೀರು ಬಿಡುತ್ತಾರಂತೆ.