ಹಳೇ ಮಾನಿಟರಿಗೆ ಯಾವ ಗ್ರಾಫಿಕ್ಸ್ ಕಾರ್ಡ್? ಆರು ಕಾರ್ಡ್‌ಗಳ ಹೋಲಿಕೆ

ಕಾರ್ಡ್ ಹುಡುಕುವ ಮೊದಲು ಮಾನಿಟರನ್ನು ತಿರುಗಿಸಿ ಅದರ ಬೆನ್ನು ನೋಡಿ. ನೀಲಿ ಬಣ್ಣದ, 15 ತೂತಿನ ವಿಜಿಎ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ಒಂದೇ ಇದೆಯೋ, ಪಕ್ಕದಲ್ಲಿ ಅಗಲವಾದ ಬಿಳಿ ಡಿವಿಐ ಇದೆಯೋ, ಎಚ್‌ಡಿಎಂಐ ಕೂಡ ಇದೆಯೋ? ರೆಸಲ್ಯೂಶನ್ (ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಪಿಕ್ಸೆಲ್) ಎಷ್ಟು, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ) ಎಷ್ಟು ಎಂದೂ ಬರೆದುಕೊಳ್ಳಿ. ಅಪರೂಪಕ್ಕೆ ಆಟ ಆಡುವವರು ಇಷ್ಟನ್ನೂ ನೋಡದೆ ಬೆಂಚ್‌ಮಾರ್ಕ್ (ವೇಗ ಪರೀಕ್ಷೆ) ಪಟ್ಟಿಯ ಮೇಲ್ತುದಿಯಿಂದ ಕಾರ್ಡ್ ಆರಿಸಿಕೊಂಡರೆ ಅದರ ಅರ್ಧ ಶಕ್ತಿ ಪರದೆಗೆ ಬರುವುದೇ ಇಲ್ಲ. ಕೆಲವೊಮ್ಮೆ ಕೇಬಲ್ಲೇ ಕೂರುವುದಿಲ್ಲ.

ಲೆಕ್ಕ ಸರಳ. 19 ಇಂಚಿನ ಚೌಕ ಮಾನಿಟರಿನ 1280×1024ರಲ್ಲಿ ಇರುವುದು 13.1 ಲಕ್ಷ ಪಿಕ್ಸೆಲ್. 1440×900 ಕೂಡ ಹೆಚ್ಚುಕಮ್ಮಿ ಅಷ್ಟೇ. 22 ಇಂಚಿನ 1680×1050ರಲ್ಲಿ 17.6 ಲಕ್ಷ, ಫುಲ್ ಎಚ್‌ಡಿಯಲ್ಲಿ 20.7 ಲಕ್ಷ. ಇವುಗಳಲ್ಲಿ ಬಹುತೇಕ 60 ಹರ್ಟ್ಝ್. ಅಂದರೆ ಕಾರ್ಡ್ ಸೆಕೆಂಡಿಗೆ 110 ಫ್ರೇಮ್ (ಬಿಡಿ ಚಿತ್ರ) ಬರೆದರೂ ಪರದೆ ತೋರಿಸುವುದು 60 ಸಲ ಮಾತ್ರ. ಹಾಗಾಗಿ ಸರಾಸರಿ ಎಷ್ಟು ಫ್ರೇಮ್ ಬಂತು ಎಂಬುದಕ್ಕೆ ಇಲ್ಲಿ ಬೆಲೆ ಕಡಿಮೆ. ಪ್ರತಿ ಫ್ರೇಮ್ 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗುತ್ತಿದೆಯೇ, ಎಲ್ಲಿ ತಡವರಿಸುತ್ತಿದೆ ಎಂಬುದೇ ಮುಖ್ಯ. ರಿವಾಟ್ಯೂನರ್ ಎಂಬ ತಂತ್ರಾಂಶದ ಫ್ರೇಮ್‌ಟೈಮ್ (ಪ್ರತಿ ಫ್ರೇಮಿಗೆ ಹಿಡಿದ ಸಮಯ) ಗೆರೆಯನ್ನು ಪರದೆಯ ಮೂಲೆಯಲ್ಲಿಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಈ ಹೋಲಿಕೆಯೂ ಅದೇ ಅಳತೆಯದ್ದು.

ಕಣದಲ್ಲಿರುವವು ಎನ್ವಿಡಿಯಾದ ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650, ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಎಎಂಡಿಯ ಆರ್‌ಎಕ್ಸ್ 570, ಆರ್‌ಎಕ್ಸ್ 6400, ಆರ್‌ಎಕ್ಸ್ 6600. ಜಿಟಿ 1030 ಬೇಕೆಂದೇ ಬಿಟ್ಟದ್ದು. ಅದರಲ್ಲಿ ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಅದೇ ಹೆಸರಿನ ಡಿಡಿಆರ್4 ಮಾದರಿ 16.8 ಜಿಬಿಗೆ ನಿಂತುಬಿಡುತ್ತದೆ. ಡಬ್ಬಿಯ ಮೇಲೆ ಹೆಸರು ಒಂದೇ, ಒಳಗಿರುವುದು ಮೂರರಲ್ಲೊಂದು ಪಾಲು. ಅಂಥದ್ದಕ್ಕೆ ಕೈ ಹಾಕುವುದೇ ಬೇಡ.

ಮೊದಲು ಕೇಬಲ್ ವಿಚಾರ

ಈ ಆರರಲ್ಲಿ ಯಾವುದೂ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ ಕೊಡುವುದಿಲ್ಲ. ಎಎಂಡಿ ತನ್ನ ದೊಡ್ಡ ಕಾರ್ಡ್‌ಗಳಿಂದ 2013ರಲ್ಲೇ, ಎನ್ವಿಡಿಯಾ 2016ರ ಜಿಟಿಎಕ್ಸ್ 10 ಸರಣಿಯಿಂದ ಅದನ್ನು ತೆಗೆದವು. 1050 ಟಿಐ ಮತ್ತು 570ರಲ್ಲಿ ಸಾಮಾನ್ಯವಾಗಿ ಡಿವಿಐ ಇರುತ್ತದೆ, ಆದರೆ ಅದು ಡಿಜಿಟಲ್ ಸಿಗ್ನಲ್ ಮಾತ್ರ ಕೊಡುವ ಡಿವಿಐ-ಡಿ. ಗುರುತು ಹಿಡಿಯುವುದು ಹೀಗೆ: ಪಿನ್‌ಗಳ ಗುಂಪಿನ ಪಕ್ಕದಲ್ಲಿ ಒಂದು ಚಪ್ಪಟೆ ಸೀಳು ಇರುತ್ತದೆ. ಸೀಳಿನ ಮೇಲೆ ಎರಡು, ಕೆಳಗೆ ಎರಡು ಪುಟ್ಟ ತೂತು ಇದ್ದರೆ ಅನಲಾಗನ್ನೂ ಕೊಡುವ ಡಿವಿಐ-ಐ. ಸೀಳು ಒಂಟಿಯಾಗಿದ್ದರೆ ಡಿವಿಐ-ಡಿ. ಡ್ರಾಯರಿನಲ್ಲಿ ಬಿದ್ದಿರುವ ಹಳೇ ಡಿವಿಐ–ವಿಜಿಎ ಅಡಾಪ್ಟರಿಗೆ ಆ ನಾಲ್ಕು ಪಿನ್ ಇರುವುದರಿಂದ ಡಿವಿಐ-ಡಿಯೊಳಗೆ ಅದು ಹೋಗುವುದೇ ಇಲ್ಲ. ಒತ್ತಿ ತುರುಕಿದರೆ ಪಿನ್ ಬಾಗುತ್ತದೆ, ಅಷ್ಟೇ.

ಮಾನಿಟರಿನಲ್ಲಿ ಡಿವಿಐ ಇದ್ದರೆ ಚಿಂತೆಯಿಲ್ಲ. ಎಚ್‌ಡಿಎಂಐಯಿಂದ ಡಿವಿಐಗೆ ಸಾದಾ ಕೇಬಲ್ ಸಾಕು, 60 ಹರ್ಟ್ಝ್‌ನಲ್ಲಿ 1920×1200ರವರೆಗೆ ಚಿತ್ರ ಒಂದಿಷ್ಟೂ ಕೆಡದೆ ಬರುತ್ತದೆ. ತೊಂದರೆ ಆಗುವುದು 2560×1440 ಅಥವಾ 2560×1600ರ ಹಳೇ ದೊಡ್ಡ ಪರದೆಗಳಲ್ಲಿ. ಅವಕ್ಕೆ ಎರಡು ಪಟ್ಟು ದತ್ತಾಂಶ ಸಾಗಿಸುವ ಡ್ಯುಯಲ್ ಲಿಂಕ್ ಡಿವಿಐ ಬೇಕು, ಸಾದಾ ಎಚ್‌ಡಿಎಂಐ ಅಡಾಪ್ಟರ್ ಅದನ್ನು ಕೊಡಲಾರದು. ಡಿವಿಐ ಇರುವ 1050 ಟಿಐ ಅಥವಾ 570 ನೇರವಾಗಿ ಹೊಂದುತ್ತದೆ. ಹೊಸ ಕಾರ್ಡ್ ಆದರೆ ಡಿಸ್‌ಪ್ಲೇಪೋರ್ಟ್‌ನಿಂದ ಡ್ಯುಯಲ್ ಲಿಂಕ್‌ಗೆ ಬದಲಿಸುವ, ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಆಕ್ಟಿವ್ (ಒಳಗೆ ಸಿಗ್ನಲ್ ಬದಲಿಸುವ ಚಿಪ್ ಇರುವ) ಅಡಾಪ್ಟರ್ ಬೇಕಾಗುತ್ತದೆ.

ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐ–ವಿಜಿಎ ಆಕ್ಟಿವ್ ಕನ್ವರ್ಟರ್ ಅನಿವಾರ್ಯ. ಎಚ್‌ಡಿಎಂಐ ಪೋರ್ಟ್ 5 ವೋಲ್ಟಿನಲ್ಲಿ ಖಚಿತವಾಗಿ ಕೊಡಲೇಬೇಕಾದದ್ದು 55 ಮಿಲಿಆಂಪ್ ಮಾತ್ರ. ಅಗ್ಗದ ಕನ್ವರ್ಟರುಗಳು ಅದಕ್ಕಿಂತ ಹೆಚ್ಚು ಎಳೆಯುವುದುಂಟು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ಮತ್ತೆ ಬರುತ್ತಿದ್ದರೆ ಜನ ಕಾರ್ಡನ್ನೇ ಬೈಯುತ್ತಾರೆ; ಎಷ್ಟೋ ಸಲ ಕಾರಣ ಈ ಕನ್ವರ್ಟರ್. ಪಕ್ಕದಲ್ಲಿ ಯುಎಸ್‌ಬಿ ವಿದ್ಯುತ್ ಕಿಂಡಿ ಇರುವುದನ್ನೇ ತೆಗೆದುಕೊಳ್ಳಿ. ಅಕ್ಷರಗಳ ಅಂಚು ನಡುಗುತ್ತಿದ್ದರೆ ಪರದೆ ತುಂಬ ಅಕ್ಷರವಿರುವ ಪುಟವೊಂದನ್ನು ತೆರೆದು ಮಾನಿಟರಿನ ಆಟೋ ಬಟನ್ ಒತ್ತಿ. ಖಾಲಿ ಡೆಸ್ಕ್‌ಟಾಪ್ ಮೇಲೆ ಒತ್ತಿದರೆ ಅಂಚು ಎಲ್ಲಿದೆ ಎಂದು ಮಾನಿಟರಿಗೂ ತಿಳಿಯುವುದಿಲ್ಲ.

ಕಾರ್ಡ್‌ಗಳು ಎದುರುಬದುರಾಗಿ

ಹೆಚ್ಚುವರಿ ಪವರ್ ಕೇಬಲ್ ಇಲ್ಲದೆ ನಡೆಯುವವನ್ನು ಮೊದಲು ನೋಡೋಣ. ಪಿಸಿಐಇ ಸ್ಲಾಟ್ (ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಜಾಗ) ಒಟ್ಟು 75 ವ್ಯಾಟ್ ಕೊಡುತ್ತದೆ, ಅದರಲ್ಲಿ 12 ವೋಲ್ಟಿನ ಪಾಲು 66 ವ್ಯಾಟ್. ಕಚೇರಿ ಕಂಪ್ಯೂಟರುಗಳ ಸಣ್ಣ ಪವರ್ ಸಪ್ಲೈಗಳಲ್ಲಿ 6 ಪಿನ್ ಕೇಬಲ್ಲೇ ಇರುವುದಿಲ್ಲ, ಅಲ್ಲಿಗೆ ಆಯ್ಕೆ ಈ ಗುಂಪಿಗೇ ಸೀಮಿತ.

2016ರ 1050 ಟಿಐ 75 ವ್ಯಾಟಿನದು, 4 ಜಿಬಿ ಮೆಮೊರಿ. 1280×1024ರಲ್ಲಿ ಹಳೇ ಆಟಗಳಿಗೆ, ಹಗುರವಾದ ಆನ್‌ಲೈನ್ ಆಟಗಳಿಗೆ ಇವತ್ತಿಗೂ ಧಾರಾಳ. ಆದರೆ ಎನ್ವಿಡಿಯಾ ಈ ಪೀಳಿಗೆಗೆ ಆಟಗಳ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರಿಗೆ ಮುಗಿಸಿದೆ. ಇನ್ನು 2028ರ ಅಕ್ಟೋಬರಿನವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಮನೆಯಲ್ಲಿ ಇದ್ದರೆ ಇಟ್ಟುಕೊಳ್ಳಿ, ಹುಡುಕಿಕೊಂಡು ಹೋಗಿ ಕೊಳ್ಳುವ ಕಾರ್ಡಲ್ಲ.

2019ರ 1650 ಅದಕ್ಕಿಂತ ಸ್ಪಷ್ಟವಾಗಿ ಒಂದು ಮೆಟ್ಟಿಲು ಮೇಲೆ. ಇದರಲ್ಲೂ ಒಂದೇ ಹೆಸರಿನ ಎರಡು ಸರಕಿದೆ: ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 128 ಜಿಬಿ, ನಂತರ ಬಂದ ಜಿಡಿಡಿಆರ್6ದು 192 ಜಿಬಿ. ಎರಡನೆಯದೇ ಲೇಸು. ಕೆಲವು ಮಾದರಿಗಳಿಗೆ 6 ಪಿನ್ ಕೇಬಲ್ ಬೇಕು, ಚಿತ್ರದಲ್ಲಿ ಕಾರ್ಡಿನ ಮೇಲಂಚು ನೋಡಿಯೇ ಮುಂದುವರಿಯಿರಿ.

ಆರ್‌ಎಕ್ಸ್ 6400 ಕಾಗದದ ಮೇಲೆ ಆಸೆ ಹುಟ್ಟಿಸುತ್ತದೆ: 53 ವ್ಯಾಟ್, ತೆಳ್ಳಗಿನ ಪೆಟ್ಟಿಗೆಗೂ ಹೊಂದುವ ಲೋ ಪ್ರೊಫೈಲ್ ಮಾದರಿಗಳು, 2022ರ ಚಿಪ್. ಪಿಸಿಐಇ 4.0 ಪೀಳಿಗೆಯ ಸ್ಲಾಟ್ ಇರುವ ಬೋರ್ಡಿನಲ್ಲಿ 1650ಗೆ ಸರಿಸಮ ನಿಲ್ಲುತ್ತದೆ. ಹಳೇ ಬೋರ್ಡಿಗೆ ಹಾಕಿದಾಗಲೇ ಬಣ್ಣ ಬಯಲಾಗುವುದು. ಇದಕ್ಕಿರುವುದು ನಾಲ್ಕೇ ಲೇನ್ (ಸ್ಲಾಟಿನೊಂದಿಗೆ ದತ್ತಾಂಶ ಸಾಗುವ ದಾರಿ). 4.0ದಲ್ಲಿ ಅವು ಸೆಕೆಂಡಿಗೆ ಸುಮಾರು 7.9 ಜಿಬಿ ಸಾಗಿಸಿದರೆ 3.0ದಲ್ಲಿ 3.9, 2.0ದಲ್ಲಿ ಬರೀ 2 ಜಿಬಿ. ಟೆಕ್ಸ್ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಕಾರ್ಡಿನ 4 ಜಿಬಿಯೊಳಗೆ ಹಿಡಿಸುವವರೆಗೆ ಏನೂ ಗೊತ್ತಾಗುವುದಿಲ್ಲ. ಟೆಕ್ಸ್ಚರ್ ಮಟ್ಟವನ್ನು ಹೈಗೆ ಏರಿಸಿ ಆಟದಲ್ಲಿ ಬೀದಿಯೊಂದರ ತುದಿಯವರೆಗೆ ಓಡಿ ಮೂಲೆ ತಿರುಗಿ: ನೆಟ್ಟಗೆ ಹೋಗುತ್ತಿದ್ದ ಫ್ರೇಮ್‌ಟೈಮ್ ಗೆರೆ ಈಟಿಯಂತೆ ಮೇಲೆ ನೆಗೆಯುತ್ತದೆ, ಚಿತ್ರ ಕ್ಷಣಕಾಲ ಅಂಟಿಕೊಂಡಂತಾಗುತ್ತದೆ. ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 128 ಜಿಬಿ. ಅದು ತುಂಬಿ ಉಕ್ಕಿದ್ದೆಲ್ಲ ಅದಕ್ಕಿಂತ ಮೂವತ್ತು ಪಟ್ಟು ಇಕ್ಕಟ್ಟಾದ ದಾರಿಯಲ್ಲಿ ಸಿಸ್ಟಮ್ ರ‍್ಯಾಮಿನಿಂದ ಬರಬೇಕು. ಸರಾಸರಿ ಫ್ರೇಮ್ ಸಂಖ್ಯೆಯಲ್ಲಿ ಈ ಎಡವಾಟ ಅಡಗಿಹೋಗುತ್ತದೆ, ಆಡುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಟೆಕ್ಸ್ಚರನ್ನು ಮೀಡಿಯಂಗೆ ಇಳಿಸುವುದೇ ಮದ್ದು.

ಸ್ಲಾಟಿನ ಪೀಳಿಗೆ ಬೋರ್ಡಿನದಷ್ಟೇ ಅಲ್ಲ, ಪ್ರೊಸೆಸರಿನದೂ ಹೌದು. ಇಂಟೆಲ್‌ನ ಎರಡನೇ ಪೀಳಿಗೆಯ ಕೋರ್ ಪ್ರೊಸೆಸರುಗಳು 2.0ಗೇ ನಿಲ್ಲುತ್ತವೆ. ಎಎಂಡಿಯ ರೈಜೆನ್ 5 5600ಜಿ ಪ್ರೊಸೆಸರ್ ಹಾಕಿದ್ದರೆ ಬೋರ್ಡ್ 4.0 ಕೊಡುವ ಬಿ550 ಆಗಿದ್ದರೂ ಸಿಗುವುದು 3.0 ಮಾತ್ರ. 6400ರಲ್ಲಿ ವಿಡಿಯೊ ಎನ್‌ಕೋಡರ್ ಕೂಡ ಇಲ್ಲ, ಆಟ ರೆಕಾರ್ಡ್ ಮಾಡುವ ಭಾರವೆಲ್ಲ ಪ್ರೊಸೆಸರಿನ ತಲೆಗೆ.

ಆರ್‌ಟಿಎಕ್ಸ್ 3050 6 ಜಿಬಿ ಬಂದದ್ದು 2024ರಲ್ಲಿ. 70 ವ್ಯಾಟ್, ಎಂಟು ಲೇನ್, ಪವರ್ ಕೇಬಲ್ ಬೇಡ. 130 ವ್ಯಾಟಿನ 8 ಜಿಬಿ 3050ಗಿಂತ ಇದು ನಿಧಾನ; ಹೆಸರಿನ ವಿಷಯದಲ್ಲಿ ಈ ಕಂಪನಿಗಳಿಗೆ ಸಂಕೋಚ ಎಂಬುದೇ ಇಲ್ಲ. ಆದರೂ ಕೇಬಲ್ ಇಲ್ಲದ ಗುಂಪಿನಲ್ಲಿ ಇದಕ್ಕೆ ಎದುರಿಲ್ಲ. 4 ಜಿಬಿ ಕಾರ್ಡ್ ಎಡವುವ ಅದೇ ಮೂಲೆಯನ್ನು ಇದು ಸಲೀಸಾಗಿ ದಾಟುತ್ತದೆ, 3.0 ಸ್ಲಾಟಿನಲ್ಲೂ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕುವ) ಯಂತ್ರಾಂಶ ಇರುವುದರಿಂದ ಅದನ್ನು ಕಡ್ಡಾಯ ಮಾಡಿರುವ ಹೊಸ ಆಟಗಳು ಬಾಗಿಲಲ್ಲೇ ತಿರುಗಿಸಿ ಕಳಿಸುವುದಿಲ್ಲ, ಆದರೆ ಅವುಗಳಲ್ಲಿ 8 ಜಿಬಿ ಕೇಳುವವೂ ಇವೆ. ಕಚೇರಿ ಪೆಟ್ಟಿಗೆ ಮತ್ತು 60 ಹರ್ಟ್ಝ್ ಪರದೆ ಇರುವವರು ಇದನ್ನು ತೆಗೆದುಕೊಂಡು ಬೇರೆ ಯೋಚನೆ ಬಿಡಬಹುದು.

ಪವರ್ ಕೇಬಲ್ ಇದ್ದರೆ ಮಾತು ಬೇರೆ. 570 ಹಳೆಯದಾದರೂ ಬಲವಾದದ್ದು: 2048 ಶೇಡರ್ (ಚಿತ್ರದ ಲೆಕ್ಕ ಮಾಡುವ ಘಟಕ), 256 ಬಿಟ್ ಮೆಮೊರಿ, 16 ಲೇನ್. 1050 ಟಿಐಯನ್ನು ಬಹಳ ಹಿಂದೆ ಬಿಡುತ್ತದೆ, ಜಿಡಿಡಿಆರ್5ರ 1650ಯನ್ನೂ ದಾಟುತ್ತದೆ. 16 ಲೇನ್ ಇರುವುದರಿಂದ ಹಳೇ ಸ್ಲಾಟಿನಲ್ಲಿ 6400ರಂತೆ ಸೊರಗುವುದಿಲ್ಲ. ಬದಲಿಗೆ 150 ವ್ಯಾಟ್ ಕುಡಿಯುತ್ತದೆ, 8 ಪಿನ್ ಕೇಳುತ್ತದೆ. ಎಎಂಡಿ 2023ರಲ್ಲಿ ಈ ಪೀಳಿಗೆಯನ್ನು ಮುಖ್ಯ ಡ್ರೈವರಿನಿಂದ ಬೇರೆ ಮಾಡಿತು. ಹೊಸ ಆಟ ಎಡವಟ್ಟು ಮಾಡಿದರೆ ಸರಿಪಡಿಸುವವರು ಇಲ್ಲವೆಂದೇ ತಿಳಿದು ಕೊಳ್ಳಬೇಕು.

ಇನ್ನು ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್, ಎಂಟು ಲೇನ್. ಆರರಲ್ಲಿ ಅತಿ ವೇಗದ್ದು ಇದೇ, 570ಗಿಂತ ಕಡಿಮೆ ವಿದ್ಯುತ್ತಿನಲ್ಲಿ. 1280×1024ಕ್ಕೆ ಇದನ್ನು ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಫುಲ್ ಎಚ್‌ಡಿ ಪರದೆಯಾದರೆ ಅದರ ಹೆಚ್ಚುವರಿ ಶಕ್ತಿಗೆ ಒಳ್ಳೇ ಕೆಲಸವಿದೆ: ಡ್ರೈವರಿನಲ್ಲಿ ವರ್ಚುವಲ್ ಸೂಪರ್ ರೆಸಲ್ಯೂಶನ್ ಆನ್ ಮಾಡಿ ಆಟವನ್ನು 2560×1440ಕ್ಕೆ ಇಡಿ. ಕಾರ್ಡ್ ದೊಡ್ಡ ಚಿತ್ರ ಬರೆದು ಕುಗ್ಗಿಸಿ ಕಳಿಸುತ್ತದೆ. ದೂರದ ತಂತಿ, ಬೇಲಿ, ಎಲೆಗಳ ಮಿಣುಕಾಟ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಮಾನಿಟರ್ ಬದಲಿಸುವ ಯೋಚನೆ ಇರುವವರಿಗೂ ಇದೇ ಸರಿ.

ಇಂಟೆಲ್ ಆರ್ಕ್ ಎ380 ಬಗ್ಗೆ ಕೇಳುವವರಿಗೆ ಒಂದೇ ಮಾತು: ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರಿಗೆ ಪೂರ್ತಿ ತೆರೆದಿಡುವ ಸೌಲಭ್ಯ) ಇಲ್ಲದ ಹಳೇ ಬೋರ್ಡಿನಲ್ಲಿ ಅದು ತೀರಾ ಸೊರಗುತ್ತದೆ, ಆ ದಾರಿ ಬೇಡ.

ಕಾರ್ಡ್ ಬದಲಿಸಿದರೂ ಆಟ ಏಳದಿದ್ದರೆ

ರೆಸಲ್ಯೂಶನ್ ಕಡಿಮೆ ಇದ್ದಷ್ಟೂ ಹೊರೆ ಪ್ರೊಸೆಸರಿನ ಕಡೆ ವಾಲುತ್ತದೆ. ಪರೀಕ್ಷೆ ಸುಲಭ: ಆಟವನ್ನು 1280×720ಕ್ಕೆ ಇಳಿಸಿ ಅದೇ ಜಾಗದಲ್ಲಿ ನಿಂತು ನೋಡಿ. ಫ್ರೇಮ್ ಸಂಖ್ಯೆ ಏರದಿದ್ದರೆ ಅಡ್ಡಗಾಲು ಹಾಕಿರುವುದು ಪ್ರೊಸೆಸರ್. 6600 ಹಾಕಿದರೂ ಅದೇ ಸಂಖ್ಯೆ ಬರುತ್ತದೆ. ನಾಲ್ಕು ಕೋರಿನ ಹಳೇ ಪ್ರೊಸೆಸರುಗಳಲ್ಲಿ ಜನಜಂಗುಳಿಯ ದೃಶ್ಯಗಳು ಬಂದಾಗ ಇದು ಎದ್ದು ಕಾಣುತ್ತದೆ.

ಅಪ್‌ಸ್ಕೇಲಿಂಗನ್ನು (ಸಣ್ಣ ಚಿತ್ರ ಬರೆದು ಹಿಗ್ಗಿಸುವುದನ್ನು) ಹಳೇ ಪರದೆಯಲ್ಲಿ ಮಿತವಾಗಿ ಬಳಸಿ. 1680×1050ರಲ್ಲಿ ಎಎಂಡಿಯ ಅಪ್‌ಸ್ಕೇಲಿಂಗ್ ಆದ ಎಫ್‌ಎಸ್‌ಆರ್‌ನ ಕ್ವಾಲಿಟಿ ಮಟ್ಟ ಎಂದರೆ ಒಳಗೆ ಬರೆಯುತ್ತಿರುವುದು 1120×700. ದೂರದ ಮುಖಗಳು ಕಲಸಿದಂತಾಗುತ್ತವೆ. ಅದಕ್ಕಿಂತ ನೆರಳಿನ ಗುಣಮಟ್ಟ ಇಳಿಸುವುದು ಒಳ್ಳೆಯದು. 5:4 ಚೌಕ ಪರದೆಯಲ್ಲಿ ಕೆಲವು ಆಟಗಳ ನಕ್ಷೆ, ಗುಂಡಿನ ಲೆಕ್ಕ ಅಂಚಿನಾಚೆ ಹೋಗಿಬಿಡುತ್ತವೆ. ಆಗ ಆಟವನ್ನು 1280×720ಕ್ಕೆ ಇಟ್ಟು ಡ್ರೈವರಿನ ಸ್ಕೇಲಿಂಗಲ್ಲಿ ಆಕಾರ ಅನುಪಾತ ಉಳಿಸುವಂತೆ ಹೇಳಿ. ಮೇಲೂ ಕೆಳಗೂ 152 ಸಾಲಿನ ಕಪ್ಪು ಪಟ್ಟಿ ಬರುತ್ತದೆ, ಕಾರ್ಡಿನ ಹೊರೆಯೂ ಇಳಿಯುತ್ತದೆ. ಫ್ರೇಮ್ ಮಿತಿಯನ್ನು ಡ್ರೈವರಿನಲ್ಲೇ 60ಕ್ಕೆ ಕಟ್ಟಿಹಾಕಿ, ಫ್ಯಾನಿನ ಗದ್ದಲ ತಾನಾಗಿ ತಗ್ಗುತ್ತದೆ.

570 ಸಿಗುವುದು ಬಹುತೇಕ ಬಳಸಿದ್ದೇ, ಅದರಲ್ಲೂ ಎಷ್ಟೋ ಕಾರ್ಡ್ ಕ್ರಿಪ್ಟೊ ಮೈನಿಂಗ್ ಮಾಡಿ ದಣಿದವು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಶೇಡರ್ 2048 ಇದೆಯೇ ನೋಡಿ. ಆರ್‌ಎಕ್ಸ್ 580 ಎಂದು ಮಾರುವ ಕೆಲವದರಲ್ಲೂ 2304ರ ಬದಲು 2048 ಇರುತ್ತದೆ. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ಮೆಮೊರಿ ಎರರ್ ಸಾಲನ್ನು ಗಮನಿಸುತ್ತ ಇಪ್ಪತ್ತು ನಿಮಿಷ ಭಾರದ ಆಟ ಓಡಿಸಿ. ಎಣಿಕೆ ಸೊನ್ನೆಯಿಂದ ಮೇಲೇರುತ್ತ ಹೋದರೆ ಕಾರ್ಡಿನ ಬಯಾಸ್ (ಒಳಗಿನ ಮೂಲ ತಂತ್ರಾಂಶ) ತಿದ್ದಿದ್ದಾರೆ ಅಥವಾ ಮೆಮೊರಿ ಚಿಪ್ ಸವೆದಿದೆ. ಅಂಚಿನಲ್ಲಿ ಬಯಾಸ್ ಸ್ವಿಚ್ ಇದ್ದರೆ ಕಂಪ್ಯೂಟರ್ ಆಫ್ ಮಾಡಿ ಅದನ್ನು ಸರಿಸಿ ಮತ್ತೊಮ್ಮೆ ನೋಡಿ, ಆಗಲೂ ಏರಿದರೆ ವಾಪಸ್ ಕೊಡಿ. 8 ಪಿನ್ ಇಲ್ಲವೆಂದು ಸಾಟಾ (ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ) ಕೇಬಲಿಗೆ ಅಡಾಪ್ಟರ್ ಸಿಕ್ಕಿಸುವುದು ಬೇಡವೇ ಬೇಡ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್. 8 ಪಿನ್‌ನ ಅಳತೆ 150 ವ್ಯಾಟ್. ಕರಗುವುದು ಪ್ಲಾಸ್ಟಿಕ್, ಕೆಲವೊಮ್ಮೆ ಅದರಾಚೆಯೂ.

ಕಾರ್ಡ್ ಕೂರಿಸುವ ಮುನ್ನ ಹಳೇ ಡ್ರೈವರನ್ನು ಸೇಫ್ ಮೋಡಿನಲ್ಲಿ ಡಿಡಿಯು ಎಂಬ ಡ್ರೈವರ್ ಅಳಿಸುವ ತಂತ್ರಾಂಶ ಬಳಸಿ ತೆಗೆಯಿರಿ, ಆಗ ಇಂಟರ್ನೆಟ್ ಸಂಪರ್ಕ ಕಳಚಿರಲಿ. ಇಲ್ಲದಿದ್ದರೆ ವಿಂಡೋಸ್ ನಡುವೆ ಬಾಯಿ ಹಾಕಿ ತನ್ನದೊಂದು ಡ್ರೈವರ್ ತುಂಬುತ್ತದೆ. ಮೊದಲ ಸಲ ಆನ್ ಮಾಡಿದಾಗ ಕಪ್ಪು ಬಣ್ಣ ಬೂದಿಯಂತೆ ಕಂಡರೆ, ಎಚ್‌ಡಿಎಂಐ ನೋಡಿ ಡ್ರೈವರ್ ಅದನ್ನು ಟಿವಿ ಎಂದುಕೊಂಡಿದೆ ಎಂದರ್ಥ: ಎನ್ವಿಡಿಯಾದಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜನ್ನು, ಎಎಂಡಿಯಲ್ಲಿ ಪಿಕ್ಸೆಲ್ ಫಾರ್ಮ್ಯಾಟನ್ನು ಫುಲ್‌ಗೆ ಬದಲಿಸಿ. ಕನ್ವರ್ಟರ್ ಮೂಲಕ ಹಾಕಿದವರಿಗೆ ಕಂಪ್ಯೂಟರಿನ ಬಯಾಸ್ ಪರದೆ ಕಾಣದೆ ನೇರ ವಿಂಡೋಸ್ ಬರುವುದುಂಟು. ಬಯಾಸಿಗೆ ಹೋಗಲೇಬೇಕಾದರೆ ಕಾರ್ಡ್ ತೆಗೆದು, ಬೋರ್ಡಿನದೇ ವಿಜಿಎ ಇದ್ದರೆ ಅದಕ್ಕೆ ಕೇಬಲ್ ಚುಚ್ಚಿ ಕೆಲಸ ಮುಗಿಸಿ, ಆಮೇಲೆ ಕಾರ್ಡ್ ಮತ್ತೆ ಕೂರಿಸಿ.