ಡಿವಿಡಿ ರೈಟರ್‌ಗೆ ಹೊಸ ಫರ್ಮ್‌ವೇರ್: ಯುಎಸ್‌ಬಿ ಕೇಬಲ್, ಡಾಸ್, ನೇರ ಸಾಟಾ

ಮೊದಲೇ ಹೇಳಿಬಿಡುತ್ತೇನೆ: ಡಿವಿಡಿ ರೈಟರ್‌ನ ಫರ್ಮ್‌ವೇರ್ (ಡ್ರೈವ್‌ನೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಬದಲಾಯಿಸಬೇಕೆಂದಿದ್ದರೆ ಡ್ರೈವನ್ನು ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್‌ನಲ್ಲಿರುವ ಸಾಟಾ ಪೋರ್ಟ್‌ಗೆ (ಡಿಸ್ಕ್ ಡ್ರೈವ್‌ಗಳನ್ನು ಸಿಕ್ಕಿಸುವ ಕಿಂಡಿಗೆ) ನೇರವಾಗಿ ಜೋಡಿಸಿ, ವಿಂಡೋಸ್‌ನಿಂದಲೇ ಕೆಲಸ ಮುಗಿಸಿ. ಯುಎಸ್‌ಬಿ-ಸಾಟಾ ಕೇಬಲ್‌ಗೆ ದುಡ್ಡು ಸುರಿದು, ಆದೇಶಗಳನ್ನು ಟೈಪ್ ಮಾಡಿ ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಂ ಡಾಸ್‌ನ ಕಪ್ಪು ಪರದೆಯ ಮುಂದೆ ನಿದ್ದೆಗೆಟ್ಟ ಮೇಲೆ ಬರೆಯುತ್ತಿರುವ ಹೋಲಿಕೆ ಇದು. ತಕ್ಕಡಿ ಸಮನಾಗಿ ತೂಗುತ್ತದೆಂದು ಯಾರೂ ನಿರೀಕ್ಷಿಸಬೇಡಿ.

ಕೆಲಸ ಮಾಡುತ್ತಿರುವ ಡ್ರೈವನ್ನು ಕೆಣಕುವುದೇಕೆ ಎಂದು ಕೇಳಬಹುದು. ಹಳೆಯ ಲ್ಯಾಪ್‌ಟಾಪ್‌ನಿಂದ ಬಿಚ್ಚಿ ಇಟ್ಟುಕೊಂಡಿದ್ದ ತೆಳು ರೈಟರ್ ನನ್ನದು. ಹೊಸದಾಗಿ ತಂದ ಡಿವಿಡಿ+ಆರ್ ಡಿಸ್ಕ್‌ಗಳನ್ನು ಅದು ಆಮೆಗತಿಯಲ್ಲಿ ಬರೆಯುತ್ತಿತ್ತು. ಬರೆದು ಮುಗಿಯಿತು ಎಂದು ಹೇಳಿದ ಮೇಲೂ ಪರಿಶೀಲನೆ ಡಿಸ್ಕ್‌ನ ಹೊರ ಅಂಚಿಗೆ ಬಂದಾಗ ಎಡವುತ್ತಿತ್ತು. ಖಾಲಿ ಡಿಸ್ಕ್‌ನ ಸುರುಳಿ ಗೆರೆಯಲ್ಲೇ ಅದರ ತಯಾರಕರ ಸಂಕೇತ ಅಡಗಿರುತ್ತದೆ. ಯಾವ ಸಂಕೇತದ ಡಿಸ್ಕ್‌ಗೆ ಲೇಸರ್ ಎಷ್ಟು ಶಕ್ತಿಯಲ್ಲಿ, ಯಾವ ಲಯದಲ್ಲಿ ಮಿಡಿಯಬೇಕು ಎಂಬ ಪಟ್ಟಿ ಫರ್ಮ್‌ವೇರ್‌ನೊಳಗೆ ಇರುತ್ತದೆ. ಪಟ್ಟಿಯಲ್ಲಿಲ್ಲದ ಡಿಸ್ಕ್ ಬಂದರೆ ಡ್ರೈವ್ ಎಲ್ಲದಕ್ಕೂ ಹೊಂದುವ ಒಂದು ಸಾಮಾನ್ಯ ಲೆಕ್ಕ ಹಿಡಿದು ಬರೆಯುತ್ತದೆ. ಹೊಸ ಆವೃತ್ತಿಯಲ್ಲಿ ಪಟ್ಟಿ ಬೆಳೆದಿತ್ತು. ಹಾಗಾಗಿ ಈ ಸಾಹಸ.

ಮೊದಲ ಸರದಿ ಯುಎಸ್‌ಬಿ ಕೇಬಲ್‌ನದು. ಡೆಸ್ಕ್‌ಟಾಪ್‌ನ ಪೆಟ್ಟಿಗೆ ಬಿಚ್ಚುವ ರಗಳೆ ಇಲ್ಲ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಆಯಿತು ಎಂಬುದು ಅದರ ಆಕರ್ಷಣೆ. ಸಿಕ್ಕಿಸಿದ ತಕ್ಷಣ ಡ್ರೈವ್ ಕಾಣಿಸಿಕೊಂಡಿತು, ಡಿಸ್ಕ್ ಓದಿತು, ಬರೆಯಿತು ಕೂಡ. ಫರ್ಮ್‌ವೇರ್ ತುಂಬುವ ಉಪಕರಣವನ್ನು (ತಯಾರಕರು ಕೊಡುವ ಪ್ರೋಗ್ರಾಂ) ತೆರೆದರೆ ಮಾತ್ರ ಬೂದು ಬಣ್ಣದ ಪುಟ್ಟ ಕಿಟಕಿ, ಅದರಲ್ಲಿ ಖಾಲಿ ಪಟ್ಟಿ, ಕೆಳಗೆ ಹೊಂದುವ ಡ್ರೈವ್ ಸಿಗಲಿಲ್ಲ ಎಂಬ ಒಂದು ಸಾಲು. ಪಕ್ಕದ ಕಿಟಕಿಯಲ್ಲಿ ಅದೇ ಡ್ರೈವ್‌ನಿಂದ ಫೈಲ್‌ಗಳು ಸರಾಗವಾಗಿ ನಕಲಾಗುತ್ತಿವೆ!

ಕಾರಣ ತಿಳಿಯಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ವಿವರಗಳನ್ನು ತೆರೆದು ಹಾರ್ಡ್‌ವೇರ್ ಐಡಿ ನೋಡಬೇಕು. ಆಪ್ಟಿಕಲ್ ಡ್ರೈವ್ ತನ್ನ ಗುರುತನ್ನು ಕಟ್ಟುನಿಟ್ಟಾದ ಅಳತೆಯಲ್ಲಿ ಹೇಳುತ್ತದೆ: ತಯಾರಕರಿಗೆ 8 ಅಕ್ಷರ, ಮಾದರಿಗೆ 16, ಫರ್ಮ್‌ವೇರ್ ಆವೃತ್ತಿಗೆ 4. ಉಪಕರಣ ಹುಡುಕುವುದು ಇದೇ ಗುರುತನ್ನು. ನನ್ನ ಕೇಬಲ್‌ನೊಳಗಿನ ಬ್ರಿಜ್ ಚಿಪ್ (ಸಾಟಾ ಮಾತನ್ನು ಯುಎಸ್‌ಬಿಗೆ ಅನುವಾದಿಸುವ ಚಿಪ್) ಡ್ರೈವ್‌ನ ಗುರುತನ್ನು ಮುಚ್ಚಿ ತನ್ನದೇ ಹೆಸರನ್ನು ಮುಂದಿಟ್ಟಿತ್ತು. ಮದುವೆ ಮನೆಯ ಬಾಗಿಲಲ್ಲಿ ನಿಂತ ದೂರದ ನೆಂಟ ಒಳಗಿರುವವರ ಬದಲು ತನ್ನ ಪರಿಚಯವನ್ನೇ ಹೇಳಿಕೊಂಡ ಹಾಗೆ. ಉಪಕರಣ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು.

ಗುರುತು ಸರಿಯಾಗಿ ದಾಟಿಸುವ ಕೇಬಲ್‌ಗಳೂ ಇವೆ. ಸ್ನೇಹಿತರಿಂದ ಅಂಥದ್ದೊಂದನ್ನು ತಂದು ನೋಡಿದೆ. ಈ ಸಲ ಪಟ್ಟಿಯಲ್ಲಿ ಡ್ರೈವ್ ಬಂತು, ಹಳೆಯ ಆವೃತ್ತಿಯ ಸಂಖ್ಯೆಯೂ ಬಂತು. ಗುಂಡಿ ಒತ್ತಿದರೆ ಪ್ರಗತಿಯ ಪಟ್ಟಿ ಅಲುಗಲೇ ಇಲ್ಲ. ಓದು, ಬರೆ ಎಂಬ ಆದೇಶಗಳು ದಿನಬಳಕೆಯವು, ಎಲ್ಲ ಬ್ರಿಜ್‌ಗಳಿಗೂ ಗೊತ್ತು. ಫರ್ಮ್‌ವೇರ್ ಒಳಗೆ ಹೋಗುವುದು ಬೇರೆ ಬಾಗಿಲಿನಿಂದ: ಡ್ರೈವ್‌ನ ಸ್ಮೃತಿಗೆ ತುಂಡುತುಂಡಾಗಿ ಕಳಿಸುವ ಆದೇಶ, ಕೆಲವೊಮ್ಮೆ ತಯಾರಕರದ್ದೇ ಗುಟ್ಟಿನ ಆದೇಶ. ಅಗ್ಗದ ಬ್ರಿಜ್ ಇಂಥವನ್ನು ತಡೆಯಬಹುದು, ಅರ್ಧಕ್ಕೆ ಕತ್ತರಿಸಬಹುದು, ಉತ್ತರ ಬರುವ ಮುನ್ನವೇ ಸಮಯ ಮೀರಿತೆಂದು ಕೈಬಿಡಬಹುದು. ಕೊನೆಯದು ಅಪಾಯಕಾರಿ. ಫರ್ಮ್‌ವೇರ್ ಉಳಿಯುವ ತನ್ನ ಫ್ಲಾಶ್ ಸ್ಮೃತಿಯನ್ನು ಅಳಿಸಿ ಬರೆದುಕೊಳ್ಳುವಾಗ ಡ್ರೈವ್ ಸ್ವಲ್ಪ ಹೊತ್ತು ಯಾರಿಗೂ ಓಗೊಡುವುದಿಲ್ಲ. ಆಗ ಸಾಧನ ಸತ್ತಿದೆಯೆಂದು ಭಾವಿಸಿ ಆಪರೇಟಿಂಗ್ ಸಿಸ್ಟಂ ಯುಎಸ್‌ಬಿಯನ್ನು ರೀಸೆಟ್ ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಉಳಿಯುತ್ತದೆ. ನನ್ನ ಡ್ರೈವ್ ಆರಂಭದಲ್ಲೇ ನಿರಾಕರಿಸಿದ್ದು ಪುಣ್ಯ.

ವಿದ್ಯುತ್ತಿನ ತಾಪತ್ರಯ ಬೇರೆ. ತೆಳು ಡ್ರೈವ್‌ಗೆ 5 ವೋಲ್ಟ್ ಸಾಕು ನಿಜ, ಆದರೆ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ಮೋಟರ್ ವೇಗ ಹಿಡಿಯುವಾಗ ಅದು ಸಾಲದೆ ಹೋಗುತ್ತದೆ. ಎರಡು ಪೋರ್ಟ್‌ಗಳಿಂದ ವಿದ್ಯುತ್ ಎಳೆಯುವ ಎರಡು ಬಾಲದ ಕೇಬಲ್‌ಗಳು ಹುಟ್ಟಿಕೊಂಡದ್ದು ಇದಕ್ಕೇ. ಡೆಸ್ಕ್‌ಟಾಪ್‌ನ ದಪ್ಪ ಡ್ರೈವ್‌ಗೆ 12 ವೋಲ್ಟ್ ಕೂಡ ಬೇಕು, ಎಂದರೆ ಪ್ರತ್ಯೇಕ ಅಡಾಪ್ಟರ್.

ಒಂದು ವಿನಾಯಿತಿ: ಹೊರಗಿಡುವ ಡ್ರೈವ್ ಆಗಿಯೇ ಮಾರಾಟವಾಗುವ ಎಷ್ಟೋ ರೈಟರ್‌ಗಳಲ್ಲಿ ಯುಎಸ್‌ಬಿ ಕನೆಕ್ಟರ್ ಡ್ರೈವ್‌ನ ಬೋರ್ಡ್ ಮೇಲೆಯೇ ಇರುತ್ತದೆ, ಬಿಚ್ಚಿದರೂ ಒಳಗೆ ಸಾಟಾ ಸಿಗುವುದಿಲ್ಲ. ಅಂಥವಕ್ಕೆ ತಯಾರಕರ ಉಪಕರಣವನ್ನು ಯುಎಸ್‌ಬಿಗೆಂದೇ ರೂಪಿಸಿರುತ್ತಾರೆ. ನನ್ನ ಬೈಗುಳ ಅವಕ್ಕೆ ಅನ್ವಯಿಸುವುದಿಲ್ಲ.

ಡಾಸ್ ದಾರಿಯ ಬಗ್ಗೆ ಹಳಬರಿಗೆ ಅಪಾರ ಭಕ್ತಿ. ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಂ ಕೂಡ ಡ್ರೈವನ್ನು ತಟ್ಟಿ ಎಬ್ಬಿಸುವುದಿಲ್ಲ ಎಂಬ ಅವರ ವಾದ ಸರಿಯಾದದ್ದೇ. ಉಚಿತವಾಗಿ ಸಿಗುವ ಡಾಸ್ ಆದ ಫ್ರೀಡಾಸ್ ತುಂಬಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದು ಆದೇಶ ಕೊಟ್ಟರೆ ಮುಗಿಯಬೇಕು. ಆದರೆ ಹಳೆಯ ಡಾಸ್ ಉಪಕರಣಗಳು ಹುಡುಕುವುದು ಸಾಟಾಕ್ಕಿಂತ ಮುಂಚಿನ ಜೋಡಣೆಯಾದ ಐಡಿಇಯ ವಿಳಾಸಗಳಲ್ಲಿ. ಸಾಟಾ ತನ್ನ ಹೊಸ ರೀತಿಯಾದ ಎಎಚ್‌ಸಿಐ ಕ್ರಮದಲ್ಲಿದ್ದರೆ ಅವುಗಳ ಪಾಲಿಗೆ ಡ್ರೈವ್ ಇಲ್ಲವೇ ಇಲ್ಲ. ಬಯಾಸ್‌ಗೆ (ಕಂಪ್ಯೂಟರ್ ಆನ್ ಆದೊಡನೆ ನಡೆಯುವ ಮದರ್‌ಬೋರ್ಡ್‌ನ ತಂತ್ರಾಂಶ) ಹೋಗಿ ಐಡಿಇ ಕ್ರಮಕ್ಕೆ ಬದಲಿಸಬೇಕು, ಕೆಲಸ ಮುಗಿದ ಮೇಲೆ ನೆನಪಿಟ್ಟು ಹಿಂದಕ್ಕೆ ತರಬೇಕು. ಮರೆತು ವಿಂಡೋಸ್ ಬೂಟ್ ಮಾಡಿದರೆ 0x7ಬಿ ಎಂಬ ಸಂಖ್ಯೆಯ ನೀಲಿ ಪರದೆ ಸ್ವಾಗತಿಸಬಹುದು. ಹೊಸ ಮದರ್‌ಬೋರ್ಡ್‌ಗಳಲ್ಲಿ ಐಡಿಇ ಕ್ರಮವೇ ಇಲ್ಲದಿರುವುದು ಸಾಮಾನ್ಯ, ಹಳೆಯ ಬಯಾಸ್‌ನಂತೆ ನಟಿಸುವ ಸೌಲಭ್ಯವಿಲ್ಲದ ಯುಇಎಫ್‌ಐ (ಬಯಾಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಬೋರ್ಡ್ ಡಾಸ್‌ಅನ್ನು ಬೂಟ್ ಮಾಡುವುದೂ ಇಲ್ಲ. ಇಷ್ಟೆಲ್ಲ ದಾಟಿದರೂ ನನ್ನ ಡ್ರೈವ್‌ನ ತಯಾರಕರು ಕೊಟ್ಟಿದ್ದು ವಿಂಡೋಸ್ ಉಪಕರಣ ಮಾತ್ರ.

ಲಿನಕ್ಸ್ ಬಳಸುವವರಿಗೆ ಆವೃತ್ತಿ ನೋಡುವುದು ಸುಲಭ. ತಯಾರಕರ ಫೈಲ್ ವಿಂಡೋಸ್‌ನದೇ ಆಗಿದ್ದರೆ ಮುಂದೆ ದಾರಿ ಕಷ್ಟ.

ಇನ್ನು ನೇರ ಸಾಟಾ. ತೆಳು ಡ್ರೈವ್‌ನ ಹಿಂಭಾಗ ಡೆಸ್ಕ್‌ಟಾಪ್ ಕೇಬಲ್‌ಗೆ ಹೊಂದುವುದಿಲ್ಲ. ಡೇಟಾದ 7 ಪಿನ್ ಎರಡರಲ್ಲೂ ಒಂದೇ. ವಿದ್ಯುತ್ತಿಗೆ ಮಾತ್ರ ತೆಳು ಡ್ರೈವ್‌ನಲ್ಲಿ 6, ಡೆಸ್ಕ್‌ಟಾಪ್ ಕೇಬಲ್‌ನಲ್ಲಿ 15. ನಡುವೆ ಕೂರುವ ಒಂದು ಚಿಕ್ಕ ಅಡಾಪ್ಟರ್ ಸಿಗುತ್ತದೆ, ಯುಎಸ್‌ಬಿ ಕೇಬಲ್‌ಗಿಂತ ತೀರ ಅಗ್ಗ. ಅದರೊಳಗೆ ಚಿಪ್ ಇಲ್ಲ, ಬರೀ ತಂತಿ. ಆದ್ದರಿಂದಲೇ ನನಗೆ ಅದು ಪ್ರಿಯ: ನಡುವೆ ಮಾತಾಡುವವರು ಯಾರೂ ಇಲ್ಲ. ಬೂದು ಕಿಟಕಿಯ ಪಟ್ಟಿಯಲ್ಲಿ ಡ್ರೈವ್ ತನ್ನ ಪೂರ್ಣ ಹೆಸರಿನೊಂದಿಗೆ ಬಂದು ಕೂತಿತು, ಪ್ರಗತಿಯ ಪಟ್ಟಿ ತುದಿ ಮುಟ್ಟಿತು.

ತೊಡಕೇ ಇರಲಿಲ್ಲವೆಂದಲ್ಲ. ಮೊದಲು ಡ್ರೈವ್ ಬಳಕೆಯಲ್ಲಿದೆ ಎಂದು ಉಪಕರಣ ಗೊಣಗಿತು. ವರ್ಚುವಲ್ ಡ್ರೈವ್ ಸೃಷ್ಟಿಸುವ ತಂತ್ರಾಂಶವೊಂದು ಆಪ್ಟಿಕಲ್ ಡ್ರೈವ್‌ಗಳ ಸಾಲಿನಲ್ಲಿ ತನ್ನ ಫಿಲ್ಟರ್ ಡ್ರೈವರ್ (ವಿಂಡೋಸ್ ಮತ್ತು ಡ್ರೈವ್ ನಡುವೆ ನಿಲ್ಲುವ ತುಣುಕು) ತೂರಿಸಿ ಕೂತಿತ್ತು. ಅದನ್ನು ಅಳಿಸಿ, ಡಿಸ್ಕ್ ಬರೆಯುವ ತಂತ್ರಾಂಶವನ್ನು ಮುಚ್ಚಿದ ಮೇಲೆ ಸರಿಹೋಯಿತು. ಟ್ರೇಯಲ್ಲಿ ಡಿಸ್ಕ್ ಇರಬಾರದು. ಮದರ್‌ಬೋರ್ಡ್‌ನಲ್ಲಿ ಹೆಚ್ಚುವರಿ ಕಂಟ್ರೋಲರ್‌ನ ಪೋರ್ಟ್‌ಗಳಿದ್ದರೆ ಅವನ್ನು ಬಿಟ್ಟು ಮುಖ್ಯ ಚಿಪ್‌ಸೆಟ್‌ನ ಪೋರ್ಟ್ ಹಿಡಿಯಿರಿ, ವಿಂಡೋಸ್‌ನ ಸ್ವಂತ ಎಎಚ್‌ಸಿಐ ಡ್ರೈವರ್ ಸಾಕು. ಕೆಲಸವಾದ ಮೇಲೆ ಹಳೆಯ ಆವೃತ್ತಿಯೇ ಕಾಣುತ್ತಿದ್ದರೆ ಗಾಬರಿ ಬೇಡ: ರೀಸ್ಟಾರ್ಟ್ ಮಾಡಿದಾಗ ಡ್ರೈವ್‌ಗೆ ವಿದ್ಯುತ್ ಕಡಿತವಾಗುವುದಿಲ್ಲ. ಪೂರ್ತಿ ಆರಿಸಿ, ಪೆಟ್ಟಿಗೆಯ ಹಿಂಭಾಗದ ಸ್ವಿಚ್ಚನ್ನೂ ಆಫ್ ಮಾಡಿ, ಮತ್ತೆ ಹಚ್ಚಿ ನೋಡಿ.

ಉಪಕರಣ ಡ್ರೈವನ್ನು ಕಂಡೂ ಒಪ್ಪದಿದ್ದರೆ ಅದು ಕೇಬಲ್‌ನ ತಪ್ಪಲ್ಲ. ಕಂಪ್ಯೂಟರ್ ಕಂಪನಿಗಳಿಗೆಂದು ತಯಾರಾದ ಡ್ರೈವ್ ಮತ್ತು ಬಿಡಿಯಾಗಿ ಮಾರುವ ಡ್ರೈವ್ ಒಂದೇ ಯಂತ್ರವಾಗಿದ್ದರೂ ಫರ್ಮ್‌ವೇರ್ ಬೇರೆಯಾಗಿರಬಹುದು. ಬಲವಂತವಾಗಿ ಒಂದರದ್ದನ್ನು ಇನ್ನೊಂದಕ್ಕೆ ತುಂಬುವ ಉಪಾಯಗಳಿವೆ. ಕಳೆದುಕೊಂಡರೂ ಚಿಂತೆಯಿಲ್ಲದ ಡ್ರೈವ್ ಆಗಿದ್ದರೆ ಪ್ರಯತ್ನಿಸಿ.

ನನ್ನ ಬಳಕೆ ತಿಂಗಳಿಗೆ ಒಂದಷ್ಟು ಡಿಸ್ಕ್‌ಗಳಲ್ಲಿ ಫೋಟೋ ತುಂಬಿಡುವುದು, ಮೂಲೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಹೇಗೂ ಇದೆ. ಹಾಗಾಗಿ ಅಗ್ಗದ ಅಡಾಪ್ಟರ್ ಗೆದ್ದಿತು. ಡೆಸ್ಕ್‌ಟಾಪ್ ಇಲ್ಲದವರು ಇನ್ನೊಂದು ಕೇಬಲ್ ಕೊಳ್ಳುವ ಬದಲು ಯಾರದ್ದಾದರೂ ಡೆಸ್ಕ್‌ಟಾಪ್‌ಅನ್ನು ಒಂದು ಸಂಜೆಗೆ ಕೇಳಿ ಪಡೆಯುವುದು ಮೇಲು. ಡಾಸ್ ದಾರಿಯನ್ನು ನಾನು ಬಿಟ್ಟುಕೊಡುವುದು 40 ಪಿನ್‌ನ ಅಗಲ ಪಟ್ಟಿ ಕೇಬಲ್ ಇರುವ ಹಳೆಯ ಐಡಿಇ ಡ್ರೈವ್‌ಗಳಿಗೆ. ಅವುಗಳ ಕಾಲದ ಉಪಕರಣಗಳು ಅಲ್ಲೇ ಸರಿಯಾಗಿ ನಡೆಯುತ್ತವೆ; ಒಂದೇ ಕೇಬಲ್‌ನ ಎರಡು ಡ್ರೈವ್‌ಗಳಲ್ಲಿ ಯಾವುದು ಮೊದಲನೆಯದೆಂದು ಗುರುತಿಸುವ ಮಾಸ್ಟರ್, ಸ್ಲೇವ್ ಜಂಪರ್ ಎಲ್ಲಿದೆ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.