ಕುದುರೆಗೆ ಫಿಸಿಯೊ: ಯಂತ್ರಕ್ಕಿಂತ ಕ್ಯಾರೆಟ್ ವಾಸಿ

ಲಾಯಕ್ಕೇ ಬಂದು ಕುದುರೆಗೆ ಫಿಸಿಯೊಥೆರಪಿ ಮಾಡುವ ಸೇವೆಗೆ ನಾವು ಕೊಡುವುದು ಐದಕ್ಕೆ ನಾಲ್ಕು ಅಂಕ. ಅದೂ ಪಶುವೈದ್ಯರು ಪರೀಕ್ಷಿಸಿ, ತೊಂದರೆ ಇಂಥದ್ದು ಎಂದು ಹೇಳಿದ ಮೇಲೆ ಕರೆಸಿದರೆ. ಗೊರಸಿನೊಳಗೆ ಕೀವು ಕಟ್ಟಿ ಕುಂಟುತ್ತಿರುವ ಕುದುರೆಯ ಬೆನ್ನು ತಿಕ್ಕಿದರೆ ಏನು ಬಂತು?

ಕೆಲಸ ಬಲ್ಲವರು ಬಂದ ತಕ್ಷಣ ಕೈ ಹಾಕುವುದಿಲ್ಲ. ಗಟ್ಟಿ ನೆಲದ ಮೇಲೆ ನಡೆಸಿ, ಓಡಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡುತ್ತಾರೆ. ಆಮೇಲೆ ಬೆನ್ನುಮೂಳೆಯ ಇಕ್ಕೆಲದಲ್ಲೂ ಬೆರಳೊತ್ತುತ್ತ ಸಾಗುತ್ತಾರೆ. ನೋವಿದ್ದಲ್ಲಿ ಸ್ನಾಯು ಸೆಟೆಯುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಸವಾರ ಕೂರುವ ಜೀನನ್ನೂ ತರಿಸಿ ನೋಡಬೇಕು. ಒತ್ತುವ ಜೀನು ಬದಲಾಗದಿದ್ದರೆ ಎಷ್ಟು ನೀವಿದರೂ ನೋವು ಮತ್ತೆ ಹಾಜರು.

ಒಂದು ಅಂಕ ಕಳೆದದ್ದು ಯಂತ್ರದ ಮೋಹಕ್ಕೆ. ನೋವಿನ ಜಾಗಕ್ಕೆ ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್ ಚಿಕಿತ್ಸೆಗೆ ಅಲ್ಲಿನ ಕೂದಲು ಕತ್ತರಿಸಿ ಜೆಲ್ ಹಚ್ಚಬೇಕು. ಕೂದಲ ನಡುವಿನ ಗಾಳಿ ತರಂಗವನ್ನು ಒಳಗೆ ಬಿಡುವುದಿಲ್ಲ. ಪ್ರದರ್ಶನವಿದೆ, ಕೂದಲು ಬೇಡ ಎಂದು ಮಾಲೀಕರು ಹೇಳಿದರೆ ಹಾಗೇ ಮೇಲೆ ಆಡಿಸಿ ಬಿಲ್ ಕೊಡುವುದುಂಟು. ಆಯಸ್ಕಾಂತದ ಹೊದಿಕೆಗೆ ನಾವು ದುಡ್ಡು ಹಾಕುವುದಿಲ್ಲ.

ನಿಜವಾದ ಲಾಭವಿರುವುದು ಹೇಳಿಕೊಟ್ಟು ಹೋಗುವ ಕ್ಯಾರೆಟ್ ವ್ಯಾಯಾಮದಲ್ಲಿ. ಉದ್ದ ಕ್ಯಾರೆಟ್ ಹಿಡಿದು ಮೂತಿಯನ್ನು ಎದೆಗೆ, ಮುಂಗಾಲುಗಳ ನಡುವೆ, ಪಕ್ಕೆಗೆ, ಹಿಂಗಾಲಿನ ಕಡೆಗೆ ಎಳೆಯಬೇಕು. ಪ್ರತಿ ಭಂಗಿಯಲ್ಲಿ 5 ಸೆಕೆಂಡು, 5 ಸಲ, ವಾರಕ್ಕೆ 5 ದಿನ. ಹೀಗೆ 3 ತಿಂಗಳು ಮಾಡಿಸಿದಾಗ ಬೆನ್ನುಮೂಳೆಯನ್ನು ಹಿಡಿದಿಡುವ ಒಳಸ್ನಾಯು ದಪ್ಪವಾಗುವುದು ಸ್ಕ್ಯಾನಿನಲ್ಲೇ ಕಂಡಿದೆ. ಕುದುರೆ ಕಳ್ಳಾಟ ಆಡುತ್ತದೆ: ಕತ್ತು ಬಾಗಿಸುವ ಬದಲು ತಲೆ ಓರೆ ಮಾಡುತ್ತದೆ, ಇಲ್ಲವೇ ಒಂದು ಹೆಜ್ಜೆ ಸರಿಯುತ್ತದೆ. ಎರಡು ಕಿವಿಯೂ ಒಂದೇ ಮಟ್ಟದಲ್ಲಿವೆಯೇ ನೋಡಿ. ಸರಿಯುವ ಕುದುರೆಯನ್ನು ಗೋಡೆಗೆ ಒತ್ತಾಗಿ ನಿಲ್ಲಿಸಿ. ಕ್ಯಾರೆಟ್ ತಟ್ಟನೆ ಕಿತ್ತುಕೊಂಡರೆ ಮುಂದಿನ ಸಲ ಬೆರಳಿಗೇ ಬಾಯಿ ಹಾಕುತ್ತದೆ.

ಬಹಳ ದಿನ ಲಾಯದಲ್ಲೇ ನಿಂತು ಬಿಗಿದ ಮೈಗೆ, ವಯಸ್ಸಾದ ಕುದುರೆಯ ಕೀಲುಗಳಿಗೆ ಈ ಸೇವೆ ಚೆನ್ನಾಗಿ ಒಗ್ಗುತ್ತದೆ. ಜ್ವರವಿದ್ದರೆ ಬೇಡ. ಹೊಸ ಪೆಟ್ಟು ಬಿಸಿಯಾಗಿ ಊದಿದ್ದರೆ ಮೊದಲ ಎರಡು ದಿನ 15-20 ನಿಮಿಷದಂತೆ ತಣ್ಣೀರು ಬಿಡುವುದಷ್ಟೇ. ಶಾಖ, ಮಸಾಜು ಎರಡೂ ಕೂಡದು. ದುಡಿಮೆಯ ನಂತರ ಸೊಂಟ ಸೆಟೆದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನಡೆಸಲೂಬೇಡಿ, ವೈದ್ಯರಿಗೇ ಫೋನ್ ಮಾಡಿ.

ರೇಸ್ ಕುದುರೆಯ ಮುಂಗಾಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಹರಿದರೆ ಮಾಗಲು 9ರಿಂದ 12 ತಿಂಗಳು ಬೇಕು. ಆರೇ ಭೇಟಿಯಲ್ಲಿ ಓಡಿಸಿಕೊಡುತ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ.